ನಾಯಕಿಯ ಸಂಬಳ ಎಷ್ಟು?

ಪ್ರೇಮ ಕಾದಂಬರಿ ಯಾವುದೇ ಇರಲಿ, ಕೈಗೆ ಬಂದ ಕೂಡಲೇ ನಾನು ಮೊದಲು ಹುಡುಕುವುದು ನಾಯಕಿಯ ಸಂಬಳವನ್ನು. ಅವಳಿಗೆ ಕೆಲಸ ಇದೆಯೇ, ಮನೆ ಬಾಡಿಗೆ ಯಾರು ಕಟ್ಟುತ್ತಾರೆ, ಅಪ್ಪನ ಸಾಲ ಎಷ್ಟಿದೆ, ತಂಗಿಯ ಮದುವೆ ಯಾರ ತಲೆ ಮೇಲಿದೆ? ಇಷ್ಟು ಗೊತ್ತಾದರೆ ನಾಯಕ ಎಂಥವನು, ಹೇಗೆ ಬರುತ್ತಾನೆ ಅಂತ ಹೆಚ್ಚುಕಮ್ಮಿ ಹೇಳಿಬಿಡಬಹುದು. ಮೈಸೂರಿನ ಸರಸ್ವತಿಪುರಂನಲ್ಲಿ ವರ್ಷಾನುಗಟ್ಟಲೆ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸಿದವಳು ನಾನು. ಗಲ್ಲಾಪೆಟ್ಟಿಗೆ ಮುಂದೆ ಕೂತೇ ಓದಿದ್ದರಿಂದಲೋ ಏನೋ, ಪ್ರೀತಿ ಪ್ರೇಮದ ಪುಸ್ತಕದಲ್ಲೂ ಲೆಕ್ಕವೇ ಮೊದಲು ಕಣ್ಣಿಗೆ ಬೀಳುತ್ತದೆ.

ಹೆಣ್ಣೊಬ್ಬಳಿಗೆ ಪ್ರೀತಿ ಸಿಗುವ ಕಥೆಯನ್ನು ಇಂಗ್ಲಿಷ್ ಪ್ರಕಾಶಕರು ಎರಡು ಕಪಾಟಿನಲ್ಲಿ ಇಡುತ್ತಾರೆ: ರೊಮ್ಯಾನ್ಸ್ ಮತ್ತು ಚಿಕ್ ಲಿಟ್. ರೊಮ್ಯಾನ್ಸಿಗೆ ಕಟ್ಟುನಿಟ್ಟಿನ ನಿಯಮ ಉಂಟು. ಅಮೆರಿಕದ ರೊಮ್ಯಾನ್ಸ್ ಲೇಖಕರ ಸಂಘ ಹಾಕಿದ್ದು ಎರಡೇ ಷರತ್ತು: ಪ್ರೇಮವೇ ಮುಖ್ಯ ಕಥೆಯಾಗಿರಬೇಕು, ಕೊನೆ ಹಿತವಾಗಿ, ಭರವಸೆಯಿಂದ ಮುಗಿಯಬೇಕು. ಜೋಡಿ ಬೇರೆಯಾದರೆ ಅದು ಒಳ್ಳೆಯ ಪ್ರೇಮಕಥೆಯೇ ಇರಬಹುದು, ಆ ಕಪಾಟಿಗೆ ಮಾತ್ರ ಸೇರುವುದಿಲ್ಲ. ಚಿಕ್ ಲಿಟ್ ಇಷ್ಟು ಮಡಿ ಮಾಡುವುದಿಲ್ಲ. ಅದರ ನಾಯಕಿ ಸಾಮಾನ್ಯವಾಗಿ ಮೂವತ್ತರ ಆಸುಪಾಸಿನವಳು, ದೊಡ್ಡ ಊರಿನಲ್ಲಿ ದುಡಿಯುವವಳು, ತನ್ನನ್ನೇ ಗೇಲಿ ಮಾಡಿಕೊಳ್ಳುತ್ತ ತನ್ನ ಕಥೆ ಹೇಳುವವಳು. ಗಂಡು ಅದರಲ್ಲಿ ಒಂದು ಎಳೆ. ಬಾಸಿನ ಕಿರಿಕಿರಿ, ಗೆಳತಿಯರು, ‘ಯಾವಾಗಮ್ಮಾ ಮದುವೆ’ ಅನ್ನುವ ತಾಯಿ, ಏರುತ್ತಿರುವ ತೂಕ, ತೀರದ ಸಾಲ ಇವೆಲ್ಲ ಮಿಕ್ಕ ಎಳೆಗಳು.

ಚಿಕ್ ಲಿಟ್ ಅನ್ನುವ ಹೆಸರು ನಮ್ಮ ಕಡೆ ಕಾಲಿಡುವ ಮುಂಚೆಯೇ ನಮ್ಮ ಅಂಗಡಿಯಲ್ಲಿ ವ್ಯವಹಾರ ಜೋರಾಗಿತ್ತು. ಡಿಪಾಸಿಟ್ ಕಟ್ಟಿದವರಿಗೆ ಒಂದು ಕಾರ್ಡು, ಪುಸ್ತಕಕ್ಕೆ ದಿನಕ್ಕೆ ಎಂಟಾಣೆ ಬಾಡಿಗೆ. ಬಲಗಡೆ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಸಾಯಿಸುತೆ. ಎಡಗಡೆ ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಚೀಲದಲ್ಲಿ ಹೊತ್ತು ತಂದ ಹಳೇ ಮಿಲ್ಸ್ ಅಂಡ್ ಬೂನ್ ಪ್ರೇಮ ಕಾದಂಬರಿಗಳು. ಹೊಸ ಪುಸ್ತಕಕ್ಕೆ ಮೊದಲು ರಟ್ಟು ಹಾಕಿಸಿ ದಪ್ಪ ದಾರದಲ್ಲಿ ಹೊಲಿಸಬೇಕು, ಇಲ್ಲದಿದ್ದರೆ ನಾಲ್ಕು ಮನೆ ತಿರುಗುವಷ್ಟರಲ್ಲಿ ಬಿಡಿ ಹಾಳೆ. ‘ಸುಧಾ’, ‘ತರಂಗ’ಗಳ ಧಾರಾವಾಹಿ ಪುಟಗಳನ್ನು ಕಿತ್ತು ಬೈಂಡ್ ಮಾಡಿಸಿದ ಕಟ್ಟುಗಳಿಗೂ ಒಳ್ಳೇ ಬೇಡಿಕೆ. ಮಿಲ್ಸ್ ಅಂಡ್ ಬೂನ್ ಹೆಸರುಗಳೆಲ್ಲ ಒಂದೇ ತರಹ. ಓದಿದ್ದನ್ನೇ ಮತ್ತೆ ಒಯ್ಯದಿರಲಿ ಅಂತ ಒಬ್ಬೊಬ್ಬರದು ಒಂದೊಂದು ಗುಟ್ಟಿನ ಗುರುತು. ಒಬ್ಬರದು ಮೂವತ್ತನೇ ಪುಟದ ಮೂಲೆಯಲ್ಲಿ ಚುಕ್ಕೆ, ಇನ್ನೊಬ್ಬರದು ಕೊನೇ ಪುಟದಲ್ಲಿ ಇನಿಷಿಯಲ್ಲು. ಕೆಲವು ಪುಸ್ತಕದಲ್ಲಿ ಈ ಗುರುತುಗಳದ್ದೇ ಒಂದು ಹಾಜರಿ ಪಟ್ಟಿ.

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಒಬ್ಬರು ನೈಟ್ ಶಿಫ್ಟಿಗೆ ಹೋಗುವ ಮುಂಚೆ ಎರಡು ಒಯ್ಯುತ್ತಿದ್ದರು. ಮಾನಸಗಂಗೋತ್ರಿಯ ಹಾಸ್ಟೆಲ್ ಹುಡುಗಿಯರು ಒಂದೇ ಕಾರ್ಡಿನಲ್ಲಿ ತೆಗೆದುಕೊಂಡು ಇಡೀ ಸಾಲು ರೂಮಿಗೆ ಹಂಚುತ್ತಿದ್ದರು. ಸೊಪ್ಪಿನ ಚೀಲದ ತಳದಲ್ಲಿ ಪುಸ್ತಕ ಇಟ್ಟು ಮೇಲೆ ದಂಟು ಹೊದಿಸಿ ಒಯ್ಯುವವರೂ ಇದ್ದರು. ಅಂಥವರೊಬ್ಬರ ಯಜಮಾನರು ಒಂದು ದಿನ ತಾವೇ ಪುಸ್ತಕ ವಾಪಸು ತಂದು, “ಇಂಥದ್ದೆಲ್ಲ ಕೊಡಬೇಡಿ ಮೇಡಂ, ಓದಿ ತಲೆ ಕೆಡಿಸ್ಕೊಳ್ತಾಳೆ” ಅಂದರು. ಆಮೇಲೆ ಅದೇ ಕಾರ್ಡಿನ ಮೇಲೆ ತಮಗೊಂದು ಪತ್ತೇದಾರಿ ಕಾದಂಬರಿ ಬರೆಸಿಕೊಂಡು ಹೋದರು.

ತಲೆ ಕೆಡುತ್ತದೋ ಇಲ್ಲವೋ ಅಂತ ಓದುವವರನ್ನೇ ಕೂರಿಸಿಕೊಂಡು ಕೇಳಿದ ವಿದ್ವಾಂಸೆ ಅಮೆರಿಕದ ಜಾನಿಸ್ ರಾಡ್‌ವೇ. 1984ರಲ್ಲಿ ಬಂದ ಅವರ ‘ರೀಡಿಂಗ್ ದ ರೊಮ್ಯಾನ್ಸ್’ ಅಲ್ಲಿನ ಒಂದು ಊರಿನ ರೊಮ್ಯಾನ್ಸ್ ಓದುಗರನ್ನು ಕುರಿತ ಅಧ್ಯಯನ. ಊರಿನ ನಿಜವಾದ ಹೆಸರು ಮರೆಮಾಡಿ ‘ಸ್ಮಿತ್‌ಟನ್’ ಅಂತ ಕರೆದಿದ್ದಾರೆ. ಆ ಹೆಂಗಸರ ಉತ್ತರಗಳಲ್ಲಿ ಕಥೆಯ ಗಂಡಸಿನಷ್ಟೇ ಮುಖ್ಯವಾಗಿ ಬಂದದ್ದು ಓದುವ ಹೊತ್ತು. ಪುಸ್ತಕ ಹಿಡಿದು ಕೂತಷ್ಟು ಹೊತ್ತು ಗಂಡನಿಗಾಗಲಿ ಮಕ್ಕಳಿಗಾಗಲಿ ತಾನು ಸಿಗುವುದಿಲ್ಲ, ಆ ಸಮಯ ತನ್ನದು ಅಂತ ಅವರು ಹೇಳಿಕೊಂಡಿದ್ದರು. ದಂಟಿನ ಸೊಪ್ಪಿನ ಕೆಳಗೆ ನಮ್ಮವರು ಬಚ್ಚಿಟ್ಟು ಒಯ್ಯುತ್ತಿದ್ದದ್ದೂ ಆ ಒಂದೆರಡು ಗಂಟೆಯನ್ನೇ.

ಮಿಲ್ಸ್ ಅಂಡ್ ಬೂನ್ ದೊಡ್ಡದಾದದ್ದು ನಮ್ಮಂಥ ಬಾಡಿಗೆ ಲೈಬ್ರರಿಗಳಿಂದ ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ. ಜೆರಾಲ್ಡ್ ಮಿಲ್ಸ್, ಚಾರ್ಲ್ಸ್ ಬೂನ್ ಅನ್ನುವ ಇಬ್ಬರು 1908ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದಾಗ ಅದು ಎಲ್ಲ ಬಗೆಯ ಪುಸ್ತಕ ಹಾಕುವ ಸಾಧಾರಣ ಪ್ರಕಾಶನ. 1930ರ ದಶಕದಲ್ಲಿ ಇಂಗ್ಲೆಂಡಿನ ಬೀದಿಬೀದಿಯಲ್ಲಿ ಎರಡು ಪೆನ್ನಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳು ಎದ್ದವು. ಅಲ್ಲಿಗೆ ಬರುವ ಹೆಂಗಸರು ಪ್ರೇಮ ಕಾದಂಬರಿಯನ್ನೇ ಕೇಳುತ್ತಾರೆ ಅಂತ ತಿಳಿದ ಕಂಪನಿ ಅದನ್ನೇ ಹಿಡಿದು ಬೆಳೆಯಿತು. 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಅದನ್ನು ಕೊಂಡುಕೊಂಡಿತು, 2008ರಲ್ಲಿ ಭಾರತದಲ್ಲೇ ಕಚೇರಿ ತೆರೆಯಿತು. ಅಷ್ಟು ಹೊತ್ತಿಗೆ ನಮ್ಮ ಎಡಗಡೆ ಕಪಾಟು ಓದಿ ಓದಿ ಸವೆದೇ ಹೋಗಿತ್ತು.

ಆ ಕಪಾಟಿನ ನಾಯಕಿಯರು ಕೆಲಸವಿಲ್ಲದವರೇನಲ್ಲ. ನರ್ಸು, ಸೆಕ್ರೆಟರಿ, ಮಕ್ಕಳಿಗೆ ಪಾಠ ಹೇಳುವವಳು. ಆದರೆ ನಾಯಕ ಯಾರು ನೋಡಿ: ನರ್ಸಿಗೆ ಡಾಕ್ಟರು, ಸೆಕ್ರೆಟರಿಗೆ ಬಾಸು, ಮಿಕ್ಕವರಿಗೆ ಹಡಗು ಕಂಪನಿ ಇಟ್ಟುಕೊಂಡ ಗ್ರೀಕ್ ಸಾಹುಕಾರ. ಸಂಬಳ ಕೊಡುವವನೇ ತಾಳಿ ಕಟ್ಟಿದರೆ ಕೊನೇ ಪುಟದಲ್ಲಿ ಸಂಬಳದ ಪ್ರಶ್ನೆಯೇ ಏಳುವುದಿಲ್ಲ. ಇದರ ಬೇರು ಜೇನ್ ಆಸ್ಟಿನ್ ತನಕ ಹೋಗುತ್ತದೆ. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಡಾರ್ಸಿ ಕಾಣಿಸಿಕೊಂಡ ಸ್ವಲ್ಪ ಹೊತ್ತಿಗೇ ಅವನ ವರ್ಷದ ಆದಾಯ ಹತ್ತು ಸಾವಿರ ಪೌಂಡ್ ಅನ್ನುವ ಸುದ್ದಿ ಇಡೀ ಸಭೆಗೆ ಹಬ್ಬುತ್ತದೆ. ಬೆನೆಟ್ ದಂಪತಿಗೆ ಐದು ಹೆಣ್ಣುಮಕ್ಕಳು, ಗಂಡುಮಗ ಇಲ್ಲ. ಅಪ್ಪ ಸತ್ತ ದಿನ ಮನೆ, ಜಮೀನು ದೂರದ ನೆಂಟ ಕಾಲಿನ್ಸ್ ಪಾಲಾಗುತ್ತದೆ. ಆ ತಾಯಿ ಮದುವೆ ಮದುವೆ ಅಂತ ಬಡಿದುಕೊಳ್ಳುವುದನ್ನು ಕಂಡು ಓದುಗರು ನಗುತ್ತಾರೆ. ನನಗೆ ಆಕೆ ಆ ಮನೆಯಲ್ಲಿ ಲೆಕ್ಕ ಬಲ್ಲ ಒಬ್ಬಳೇ ಹೆಂಗಸಾಗಿ ಕಾಣುತ್ತಾಳೆ.

ಈಗ ಬಲಗಡೆ ಕಪಾಟಿಗೆ ಬರೋಣ. ಅಲ್ಲಿ ನನಗೆ ಎಲ್ಲಕ್ಕಿಂತ ಮೇಲು ತ್ರಿವೇಣಿ. ನಿಜ ಹೆಸರು ಅನಸೂಯಾ ಶಂಕರ್, 1928ರಲ್ಲಿ ಹುಟ್ಟಿ 1963ರಲ್ಲೇ ತೀರಿಕೊಂಡವರು. ಮನಶ್ಶಾಸ್ತ್ರ ಓದಿದ್ದ ಅವರು ಮೈಸೂರಿನ ಮಧ್ಯಮ ವರ್ಗದ ಮನೆಗಳ ಒಳಗನ್ನು ಕಂಡ ಹಾಗೆ ಬೇರೆ ಯಾರೂ ಕಂಡದ್ದು ನಾನು ಕಾಣೆ. ಅವರ ‘ಬೆಳ್ಳಿಮೋಡ’ವನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಸಿನಿಮಾ ಮಾಡಿದರು, ಅದು ಅವರು ನಿರ್ದೇಶಿಸಿದ ಮೊದಲ ಕನ್ನಡ ಚಿತ್ರ. ಕಲ್ಪನಾ ಇಂದಿರೆಯಾಗಿದ್ದರು.

ಕಥೆಯನ್ನು ಲೆಕ್ಕದ ಕಡೆಯಿಂದ ಹೇಳುತ್ತೇನೆ. ಇಂದಿರೆ ಕಾಫಿ ತೋಟದ ಒಡೆಯರ ಒಬ್ಬಳೇ ಮಗಳು. ಮೋಹನನಿಗೆ ಅಮೆರಿಕಕ್ಕೆ ಹೋಗಿ ಓದುವ ಆಸೆ, ಕೈಯಲ್ಲಿ ದುಡ್ಡಿಲ್ಲ. ಖರ್ಚು ಇಂದಿರೆಯ ತಂದೆಯದು, ಮಗಳ ಜೊತೆ ನಿಶ್ಚಯ. ಅವನು ಅಲ್ಲಿರುವಾಗ ಇಲ್ಲಿ ಇಂದಿರೆಗೆ ತಮ್ಮ ಹುಟ್ಟುತ್ತಾನೆ, ಹೆರಿಗೆಯಲ್ಲಿ ತಾಯಿ ತೀರಿಕೊಳ್ಳುತ್ತಾಳೆ. ತೋಟಕ್ಕೆ ವಾರಸುದಾರ ಬಂದನಲ್ಲ, ಮೋಹನನ ಪ್ರೀತಿ ಆರಿತು. ಆಮೇಲೆ ಅದೇ ತೋಟದಲ್ಲಿ ಅವನು ಕಾಲು ಮುರಿದುಕೊಂಡು ಬಿದ್ದಾಗ ಇಂದಿರೆಯೇ ಆರೈಕೆ ಮಾಡುತ್ತಾಳೆ. ಅವನಿಗೆ ಪಶ್ಚಾತ್ತಾಪವಾಗುತ್ತದೆ, ಮದುವೆಯಾಗು ಅನ್ನುತ್ತಾನೆ. ಮಿಲ್ಸ್ ಅಂಡ್ ಬೂನ್ ಆಗಿದ್ದರೆ ಇಲ್ಲಿಗೆ ವಾಲಗ. ಇಂದಿರೆ ಒಲ್ಲೆ ಅನ್ನುತ್ತಾಳೆ.

ಅಮೆರಿಕದ ಸಂಘದ ಷರತ್ತಿನ ಪ್ರಕಾರ ‘ಬೆಳ್ಳಿಮೋಡ’ ರೊಮ್ಯಾನ್ಸೇ ಅಲ್ಲ. ಆದರೂ ನಮ್ಮ ಅಂಗಡಿಯಲ್ಲಿ ರಟ್ಟು ಬದಲಿಸಿ ಬದಲಿಸಿ ಸುಸ್ತಾದ ಪುಸ್ತಕ ಅದು. ಪ್ರೀತಿಗೆ ಯಾರು ಬೆಲೆ ಕಟ್ಟಿದರು, ಎಷ್ಟು ಕಟ್ಟಿದರು ಅಂತ ಲೆಕ್ಕ ಹಾಕಿದ ಮೇಲೆ ಬೇಡ ಅಂದ ನಾಯಕಿ ನಮ್ಮ ಹೆಂಗಸರಿಗೆ ಬೇಕಿದ್ದಳು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಹಾಗೆ ಹುಟ್ಟಿನಿಂದಲೇ ಪಾಲು ಅಂತ ಕರ್ನಾಟಕ ಕಾನೂನು ತಿದ್ದಿದ್ದು 1994ರಲ್ಲಿ. ದೇಶಕ್ಕೆಲ್ಲ ಆ ಹಕ್ಕು ಬಂದದ್ದು 2005ರಲ್ಲಿ. ತಮ್ಮ ಹುಟ್ಟಿದ್ದರಿಂದ ಅಕ್ಕನ ಸಂಬಂಧ ಮುರಿಯುವ ಕಥೆ ಅಂದಿನ ಓದುಗರಿಗೆ ಪಕ್ಕದ ಮನೆಯ ಸುದ್ದಿಯಾಗಿತ್ತು.

ದುಡ್ಡು ಹೆಣ್ಣಿನ ಕೈಯಲ್ಲೇ ಇದ್ದರೆ? ಎಚ್.ಜಿ. ರಾಧಾದೇವಿಯವರ ‘ಅನುರಾಗ ಅಂತಃಪುರ’ 1986ರಲ್ಲಿ ‘ಅನುರಾಗ ಅರಳಿತು’ ಸಿನಿಮಾ ಆಯಿತು. ಕಾರ್ಖಾನೆಯ ಒಡತಿಯಾಗಿ ಮಾಧವಿ, ಕೆಲಸಗಾರನಾಗಿ ರಾಜ್‌ಕುಮಾರ್. ಇಬ್ಬರ ಮದುವೆಯಾಗುತ್ತದೆ, ಒಡತಿಯ ಸೊಕ್ಕು ಇಳಿಯುತ್ತದೆ. ಈ ಕಥೆ ಎಷ್ಟು ಜನಕ್ಕೆ ರುಚಿಸಿತೆಂದರೆ 1992ರಲ್ಲಿ ತೆಲುಗಿನಲ್ಲಿ ‘ಘರಾನಾ ಮೊಗುಡು’, ತಮಿಳಿನಲ್ಲಿ ‘ಮನ್ನನ್’, 1994ರಲ್ಲಿ ಹಿಂದಿಯಲ್ಲಿ ‘ಲಾಡ್ಲಾ’ ಆಯಿತು. ಕನ್ನಡದ ಲೇಖಕಿಯೊಬ್ಬರ ಕಥೆ ನಾಲ್ಕು ಭಾಷೆಯಲ್ಲಿ ಓಡಿತಲ್ಲ ಅಂತ ಹೆಮ್ಮೆ ಇದೆ. ಓಡಿದ ಕಾರಣ ನೆನೆದರೆ ಹೆಮ್ಮೆ ಸ್ವಲ್ಪ ಇಳಿಯುತ್ತದೆ.

ಮೂರನೆಯ ಬಗೆಯ ನಾಯಕಿ ಸಂಬಳ ತರುತ್ತಾಳೆ, ತಂದು ಅಪ್ಪನ ಕೈಗೆ ಕೊಡುತ್ತಾಳೆ. ಟೈಪಿಸ್ಟು, ಮೇಡಂ, ಬ್ಯಾಂಕಿನ ಕ್ಲರ್ಕು. ತಮ್ಮನ ಫೀಜು, ತಂಗಿಯ ಮದುವೆ ಮುಗಿಸುವಷ್ಟರಲ್ಲಿ ಕಿವಿಯ ಪಕ್ಕ ನೆರೆಗೂದಲು. ಬಾಲಚಂದರ್ ತಮ್ಮ ತಮಿಳು ಚಿತ್ರವನ್ನು ಕನ್ನಡಕ್ಕೆ ತಂದ ‘ಬೆಂಕಿಯಲ್ಲಿ ಅರಳಿದ ಹೂವು’ ನೋಡಿದವರಿಗೆ ಸುಹಾಸಿನಿ ಮಾಡಿದ ಈ ಪಾತ್ರ ಮರೆಯುವಂಥದ್ದಲ್ಲ. ನಮ್ಮಲ್ಲಿಗೆ ಬರುತ್ತಿದ್ದ ಕೆಲಸಸ್ಥೆಯರಿಗೆ ಇಂಥ ಕಾದಂಬರಿ ಅಂದರೆ ಪ್ರಾಣ. ಅತ್ತು ಬಂದು, “ಇನ್ನೊಂದು ಇಂಥದ್ದೇ ಕೊಡಿ” ಅನ್ನುತ್ತಿದ್ದರು.

ಈ ಮೂರೂ ಬಗೆಯಲ್ಲಿ ಕಣ್ಣೀರು ಧಾರಾಳ, ನಗು ಕಡಿಮೆ. ಅದಕ್ಕೆ ಕಾರಣ ಲೇಖಕಿಯರಿಗೆ ಹಾಸ್ಯ ಬಾರದ್ದಲ್ಲ. ಮದುವೆ ತಪ್ಪಿದರೆ ತಲೆಮೇಲಿನ ಸೂರೇ ತಪ್ಪುವ ಹೆಣ್ಣು ತನ್ನ ಮದುವೆಯ ಬಗ್ಗೆ ಹೇಗೆ ನಗೆಯಾಡಬೇಕು? ತನ್ನ ಸಂಬಳ ತನ್ನ ಖಾತೆಯಲ್ಲೇ ಉಳಿಯುವ ನಾಯಕಿ ಬಂದ ಮೇಲೆ ಈ ಕಥೆಗಳಿಗೆ ನಗು ಬಂತು. ಚಿಕ್ ಲಿಟ್ ಮಾಡಿದ ಹೊಸ ಕೆಲಸ ಅದು ಅಂತ ನನ್ನ ಎಣಿಕೆ.

ಹೆಲೆನ್ ಫೀಲ್ಡಿಂಗ್ 1995ರಲ್ಲಿ ‘ದಿ ಇಂಡಿಪೆಂಡೆಂಟ್’ ಪತ್ರಿಕೆಗೆ ಬ್ರಿಜೆಟ್ ಜೋನ್ಸ್ ಅನ್ನುವವಳ ದಿನಚರಿಯನ್ನು ಅಂಕಣವಾಗಿ ಬರೆಯತೊಡಗಿದರು. ಮರುವರ್ಷ ಅದು ಕಾದಂಬರಿ, 2001ರಲ್ಲಿ ಸಿನಿಮಾ. ಬ್ರಿಜೆಟ್‌ಗೆ ಮೂವತ್ತು ದಾಟಿದೆ. ಲಂಡನ್ನಿನಲ್ಲಿ ಒಂಟಿ ಫ್ಲಾಟು, ಪ್ರಕಾಶನ ಸಂಸ್ಥೆಯಲ್ಲಿ ಕೆಲಸ. ದಿನಚರಿ ಶುರುವಾಗುವುದೇ ಅಂಕಿಗಳಿಂದ: ಇವತ್ತಿನ ತೂಕ, ಕುಡಿದ ಮದ್ಯ, ಸೇದಿದ ಸಿಗರೇಟು, ತಿಂದ ಕ್ಯಾಲೊರಿ. ಬಾಸಿನ ಜೊತೆ ಪ್ರೇಮ ಅವಳಿಗೂ ಆಗುತ್ತದೆ. ಅದು ಕೆಟ್ಟಾಗ ಕೆಲಸ ಬಿಟ್ಟು ಟೀವಿ ಸೇರುತ್ತಾಳೆ. ಅಳುತ್ತಾಳೆ, ಮರುದಿನ ಆಫೀಸಿಗೆ ಹೋಗುತ್ತಾಳೆ. ಕೊನೆಗೆ ಸಿಗುವವನ ಹೆಸರು ಮಾರ್ಕ್ ಡಾರ್ಸಿ. ಆಸ್ಟಿನ್ ಕಥೆಯನ್ನು ಫೀಲ್ಡಿಂಗ್ ರಾಜಾರೋಷವಾಗಿ ಎತ್ತಿಕೊಂಡಿದ್ದಾರೆ. ಬಿಬಿಸಿಯ 1995ರ ಧಾರಾವಾಹಿಯಲ್ಲಿ ಹಳೇ ಡಾರ್ಸಿಯಾಗಿದ್ದ ಕಾಲಿನ್ ಫರ್ತ್ ಸಿನಿಮಾದಲ್ಲಿ ಹೊಸ ಡಾರ್ಸಿಯೂ ಆದರು. ಆದರೆ ಬೆನೆಟ್ ಮನೆಯ ಹುಡುಗಿಯರಿಗೂ ಬ್ರಿಜೆಟ್‌ಗೂ ಒಂದು ವ್ಯತ್ಯಾಸ: ಈ ಡಾರ್ಸಿ ಬಾರದೇ ಹೋಗಿದ್ದರೂ ಬ್ರಿಜೆಟ್ ಬೀದಿಗೆ ಬೀಳುತ್ತಿರಲಿಲ್ಲ.

ಲೆಕ್ಕದ ಕಾದಂಬರಿ ಅಂತಲೇ ಹೇಳಬಹುದಾದದ್ದು ಸೋಫಿ ಕಿನ್ಸೆಲ್ಲಾ 2000ದಲ್ಲಿ ಶುರು ಮಾಡಿದ ‘ಶಾಪಾಹಾಲಿಕ್’ ಸರಣಿ. ನಾಯಕಿ ರೆಬೆಕ್ಕಾ ಹಣಕಾಸು ಪತ್ರಿಕೆಯೊಂದರ ಪತ್ರಕರ್ತೆ, ಉಳಿತಾಯ ಮಾಡುವುದು ಹೇಗೆ ಅಂತ ಊರಿಗೆಲ್ಲ ಬುದ್ಧಿ ಹೇಳುವವಳು. ಅವಳ ಕ್ರೆಡಿಟ್ ಕಾರ್ಡು ಮಾತ್ರ ಕುತ್ತಿಗೆ ತನಕ ಸಾಲದಲ್ಲಿದೆ. ಬ್ಯಾಂಕಿನವರು ಬರೆಯುವ ಪತ್ರಗಳು ಪುಸ್ತಕದ ನಡುನಡುವೆ ಬರುತ್ತವೆ, ಪ್ರೇಮಪತ್ರಕ್ಕಿಂತ ಅವೇ ಚೆನ್ನ. ಇದಕ್ಕೂ ಮುಂಚೆ, 1992ರಲ್ಲೇ, ಟೆರಿ ಮೆಕ್‌ಮಿಲನ್ ಅವರ ‘ವೇಟಿಂಗ್ ಟು ಎಕ್ಸ್‌ಹೇಲ್’ ಅರಿಜೋನಾದ ಫೀನಿಕ್ಸ್ ಊರಿನ ನಾಲ್ವರು ಕಪ್ಪು ಗೆಳತಿಯರ ಕಥೆ ಹೇಳಿತ್ತು. ಈ ಬಗೆಯ ಕಥೆ ಲಂಡನ್ನಿನ ಬಿಳಿಯ ಹುಡುಗಿಯರ ಸ್ವತ್ತೇನೂ ಆಗಿರಲಿಲ್ಲ.

ಭಾರತದ ಇಂಗ್ಲಿಷಿಗೆ ಇದು ಬಂದದ್ದು ಹೊಸ ಶತಮಾನದ ಮೊದಲ ದಶಕದಲ್ಲಿ. ಸ್ವಾತಿ ಕೌಶಲ್ ಅವರ ‘ಪೀಸ್ ಆಫ್ ಕೇಕ್’ 2004ರದು, ಅದ್ವೈತಾ ಕಾಲಾ ಅವರ ‘ಆಲ್ಮೋಸ್ಟ್ ಸಿಂಗಲ್’ 2007ರದು. ಒಬ್ಬಳು ಆಹಾರ ಕಂಪನಿಯ ಮಾರ್ಕೆಟಿಂಗಿನವಳು, ಇನ್ನೊಬ್ಬಳು ದಿಲ್ಲಿಯ ಹೋಟೆಲಿನಲ್ಲಿ ಅತಿಥಿಗಳನ್ನು ನೋಡಿಕೊಳ್ಳುವವಳು. ನನಗೆ ಹೆಚ್ಚು ಹಿಡಿಸಿದವರು ಅನುಜಾ ಚೌಹಾಣ್. 2008ರ ‘ದಿ ಜೋಯಾ ಫ್ಯಾಕ್ಟರ್’ನಲ್ಲಿ ಜಾಹೀರಾತು ಕಂಪನಿಯ ಹುಡುಗಿಯೊಬ್ಬಳು ಭಾರತ ಕ್ರಿಕೆಟ್ ತಂಡದ ಅದೃಷ್ಟ ದೇವತೆಯಾಗಿಬಿಡುತ್ತಾಳೆ, ಅದೃಷ್ಟವನ್ನು ನಂಬದ ಕ್ಯಾಪ್ಟನ್ ಜೊತೆ ಪ್ರೇಮ. 2013ರ ‘ದೋಸ್ ಪ್ರೈಸಿ ಠಾಕೂರ್ ಗರ್ಲ್ಸ್’ ಎಂಬತ್ತರ ದಶಕದ ದಿಲ್ಲಿಯ ಹೇಲಿ ರಸ್ತೆಯಲ್ಲಿ ನಡೆಯುತ್ತದೆ. ನಿವೃತ್ತ ನ್ಯಾಯಾಧೀಶರ ಐವರು ಹೆಣ್ಣುಮಕ್ಕಳಲ್ಲಿ ನಾಲ್ಕನೆಯವಳು ಟೀವಿಯಲ್ಲಿ ವಾರ್ತೆ ಓದುತ್ತಾಳೆ, ಎರಡನೆಯವಳು ಬಂದಾಗಲೆಲ್ಲ ಮನೆಯಲ್ಲಿ ನನ್ನ ಪಾಲು ಕೊಡಿ ಅಂತ ತಗಾದೆ ತೆಗೆಯುತ್ತಾಳೆ. ಪ್ರೇಮ ನಾಲ್ಕನೆಯವಳದು. ನಾನು ಓದಿದ್ದು ಎರಡನೆಯವಳಿಗಾಗಿ.

ಇಂಥ ಪುಸ್ತಕಗಳನ್ನು ಹಗುರವಾಗಿ ಕಾಣುವುದು ಎಲ್ಲ ಕಡೆ ಇದ್ದದ್ದೇ. 2001ರಲ್ಲಿ ಹಿರಿಯ ಬ್ರಿಟಿಷ್ ಕಾದಂಬರಿಕಾರ್ತಿ ಬೆರಿಲ್ ಬೇನ್‌ಬ್ರಿಜ್ ಚಿಕ್ ಲಿಟ್ ಬರೀ ನೊರೆ ಅಂತ ತಳ್ಳಿಹಾಕಿದರು. ನಮ್ಮಲ್ಲಿ ‘ಅಡುಗೆಮನೆ ಸಾಹಿತ್ಯ’ ಅಂದರು. ನೊರೆ ಇಲ್ಲ ಅನ್ನುವುದಿಲ್ಲ, ಬಾಡಿಗೆಗೆ ಕೊಟ್ಟವಳಿಗೆ ಗೊತ್ತಿಲ್ಲವೇ? ಅದೇ ತುಂಬಿದ ಕೆನ್ನೆ, ಅದೇ ನೀಳ ಜಡೆ, ಅದೇ ಅಪಾರ್ಥ, ಅದೇ ಆಸ್ಪತ್ರೆಯ ಮಂಚ. ಆದರೆ ಆ ಕಾಲದ ಬಾಡಿಗೆ ಎಷ್ಟು, ವರದಕ್ಷಿಣೆಯ ದರ ಎಷ್ಟು, ಕೆಲಸಕ್ಕೆ ಹೋಗುವ ಸೊಸೆ ಬೆಳಿಗ್ಗೆ ಎಷ್ಟು ಗಂಟೆಗೆ ಏಳಬೇಕಿತ್ತು ಅನ್ನುವುದು ಬೇಕಾದರೆ ಈ ಪುಸ್ತಕಗಳನ್ನೇ ತೆಗೆಯಬೇಕು. ಪ್ರಶಸ್ತಿ ಪಡೆದ ಎಷ್ಟೋ ಕಾದಂಬರಿಗಳಲ್ಲಿ ಅಡುಗೆಮನೆಗೆ ಕಿಟಕಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ.

ಕೇಬಲ್ ಬಂದ ಮೇಲೆ ಕಾರ್ಡುಗಳು ಕಮ್ಮಿಯಾದವು, ಮೊಬೈಲ್ ಬಂದ ಮೇಲೆ ನಾವು ಬಾಗಿಲು ಹಾಕಿದೆವು. ಓದುವವರು ಎಲ್ಲೂ ಹೋಗಿಲ್ಲ, ಫೋನಿನೊಳಗಿದ್ದಾರೆ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಪ್ರತಿಲಿಪಿ’ ಆ್ಯಪಿನಲ್ಲಿ ಕನ್ನಡದ ಪ್ರೇಮ ಧಾರಾವಾಹಿಗಳು ಭಾಗ ಭಾಗವಾಗಿ ಬರುತ್ತವೆ. ಬರೆಯುವವರಲ್ಲಿ ಗೃಹಿಣಿಯರು, ನರ್ಸುಗಳು, ಟೀಚರುಗಳು. ಪ್ರತಿ ಭಾಗದ ಕೆಳಗೆ ‘ಮುಂದಿನದು ಬೇಗ ಹಾಕಿ ಅಕ್ಕ’ ಅಂತ ಓದುಗರ ಒತ್ತಾಯ. ಧಾರಾವಾಹಿಗೆ ವಾರಗಟ್ಟಲೆ ಕಾಯುತ್ತಿದ್ದ ನಮ್ಮವರಿಗಿಂತ ಇವರ ಅವಸರ ಹೆಚ್ಚು.

ನನ್ನ ತಂಗಿಯ ಮಗಳೂ ಬರೆಯುತ್ತಾಳೆ. ಬೆಂಗಳೂರಿನ ಪೀಜಿಯಲ್ಲಿ ವಾಸ, ಹಗಲು ಕಂಪನಿ ಕೆಲಸ, ರಾತ್ರಿ ಕಾದಂಬರಿ. ಸ್ಕೂಟರಿನ ಕಂತು ತಾನೇ ಕಟ್ಟುತ್ತಾಳೆ, ಊರಿನ ಮನೆಗೆ ಸೋಲಾರ್ ಹಾಕಿಸಿದ್ದೂ ಅವಳೇ. ಅವಳ ನಾಯಕಿಗೆ ಮಾತ್ರ ಕಾಸಿಲ್ಲ. ಅಪ್ಪನ ಆಪರೇಷನ್ನಿಗೆ ದುಡ್ಡು ಬೇಕು, ಕೋಟ್ಯಧಿಪತಿಯೊಬ್ಬ ಒಂದು ವರ್ಷದ ಒಪ್ಪಂದದ ಮದುವೆಗೆ ಕರೆಯುತ್ತಾನೆ, ಇವಳು ಸಹಿ ಹಾಕುತ್ತಾಳೆ. ಆ್ಯಪಿನಲ್ಲಿ ಇಂಥ ಒಪ್ಪಂದದ ಮದುವೆಗಳಿಗೆ ಬರವಿಲ್ಲ. ಗ್ರೀಕ್ ಹಡಗಿನವನು ವೇಷ ಬದಲಿಸಿ ವೈಟ್‌ಫೀಲ್ಡಿಗೆ ಬಂದ ಹಾಗಿದೆ.

ಓದಿ ಮುಗಿಸಿ ಫೋನ್ ಮಾಡಿದೆ. “ಅಲ್ಲ ಕಣೇ, ನಿನಗಿರೋ ಸಂಬಳ ನಿನ್ನ ನಾಯಕಿಗೆ ಯಾಕಿಲ್ಲ?”

“ಸಂಬಳ ಇದ್ರೆ ಅವಳು ಸಹಿ ಯಾಕೆ ಹಾಕ್ತಾಳೆ ದೊಡ್ಡಮ್ಮ? ಕಥೆ ಅಲ್ಲೇ ಮುಗಿದುಹೋಗತ್ತೆ.”

“ಮುಗಿಯಲ್ಲ. ಅವನಿಂದ ಅವಳಿಗೆ ಏನೂ ಆಗಬೇಕಿಲ್ಲ, ಆದರೂ ಅವನು ಬೇಕು ಅನ್ನಿಸಬೇಕು. ಅದನ್ನು ಬರಿ.”

“ಅದು ಕಷ್ಟ.”

ಕಷ್ಟವೇ. ಬಡತನ, ಸಾಲ, ಆಪರೇಷನ್ ಯಾವುದೂ ತಳ್ಳದೆ ಇಬ್ಬರು ಹತ್ತಿರ ಬರಬೇಕಾದರೆ ಅವರು ಏನು ಮಾತಾಡುತ್ತಾರೆ, ಯಾವುದಕ್ಕೆ ನಗುತ್ತಾರೆ, ಯಾವುದಕ್ಕೆ ಜಗಳವಾಡುತ್ತಾರೆ ಎಲ್ಲವನ್ನೂ ಹುಟ್ಟಿಸಬೇಕು. ತ್ರಿವೇಣಿ ಇಂದಿರೆಯಿಂದ ಒಲ್ಲೆ ಅನ್ನಿಸಿದರು, ಅರ್ಧ ದಾರಿ ಆಯಿತು. ಲೆಕ್ಕ ಚುಕ್ತಾ ಇಟ್ಟುಕೊಂಡು ‘ಸರಿ, ಬಾ’ ಅನ್ನುವ ಕನ್ನಡದ ನಾಯಕಿಯನ್ನು ಬರೆಯಲು ಪೀಜಿಯಲ್ಲಿ ಕೂತ ಈ ಹುಡುಗಿಯರಿಗಿಂತ ತಕ್ಕವರು ಯಾರೂ ಇಲ್ಲ, ಏಕೆಂದರೆ ಆ ಬದುಕು ಅವರದೇ. ತಂಗಿಯ ಮಗಳು ಹೊಸ ಧಾರಾವಾಹಿಗೆ ಕೈ ಹಾಕಿದ್ದಾಳೆ. ನಾಯಕಿ ಮೆಟ್ರೋದಲ್ಲಿ ಜೂನಿಯರ್ ಎಂಜಿನಿಯರ್ ಅಂತೆ. ಸಂಬಳ ಎಷ್ಟು ಅಂತ ಕೇಳಿದ್ದಕ್ಕೆ, ಮೊದಲನೇ ಭಾಗದಲ್ಲೇ ಹಾಕಿದೀನಿ, ಓದ್ಕೊಳ್ಳಿ ಅಂದಳು.